ಹಾಲಿನ ಲೆಕ್ಕದ ಜೊತೆ ನೊಣದ ಲೆಕ್ಕವೂ ಇರಲಿ

ಅಕ್ಕಂದಿರೆ, ಬಿಸಿಲೇರಿದ ಮೇಲೆ ದನ ಕಾಲು ಕುಟ್ಟುತ್ತಾ, ಬಾಲ ಬೀಸುತ್ತಾ ಒಂದೆಡೆ ನಿಲ್ಲದಿದ್ದರೆ ಅದರ ಹೊಟ್ಟೆ, ಕಾಲು ನೋಡಿ. ಮನೆ ನೊಣಕ್ಕಿಂತ ಬಹಳ ದೊಡ್ಡ ನೊಣ ಕೂತಿದ್ದು, ಅದು ಎದ್ದ ಜಾಗದಲ್ಲಿ ರಕ್ತ ಒಸರುತ್ತಿದ್ದರೆ ಅದು ಕುದುರೆ ನೊಣ. ಹೆಸರು ಹಾಗಿದ್ದರೂ ದನ, ಎಮ್ಮೆಯನ್ನೂ ಅದು ಬಿಡುವುದಿಲ್ಲ. ಕಚ್ಚುವುದು ಹೆಣ್ಣು ನೊಣ ಮಾತ್ರ. ಇದರ ಮರಿಹುಳು ಬೆಳೆಯುವುದು ಕೆಸರಿನಲ್ಲಿ. ಸೌಪರ್ಣಿಕೆಯ ದಡ, ಗದ್ದೆ, ತೋಡುಗಳಿರುವ ತ್ರಾಸಿಯ ಸುತ್ತಮುತ್ತ ಅಂಥ ಜಾಗಕ್ಕೆ ಕೊರತೆಯಿಲ್ಲ.

ದನ ಬಾಲ ಬೀಸಿದರೆ ನೊಣ ಅರ್ಧಕ್ಕೇ ಎದ್ದು ಪಕ್ಕದ ದನದ ಮೇಲೆ ಕೂರುತ್ತದೆ. ಬಾಯಿಗೆ ಅಂಟಿದ ರಕ್ತದ ಜೊತೆ ಸರ್ರಾ ರೋಗದ ಪರಾವಲಂಬಿಯೂ ದಾಟಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಹಾಲು ಇಳಿಯುವುದು, ಕೆಲವೊಮ್ಮೆ ಕಂದು ಹಾಕುವುದು ಇದರ ಲಕ್ಷಣ. ಉಣುಗಿನಿಂದ ಬರುವ ಜ್ವರವೂ ಹೊರಗೆ ಹೀಗೆಯೇ ಕಾಣಬಹುದು. ಔಷಧ ಮಾತ್ರ ಬೇರೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಈ ಪರಾವಲಂಬಿಯನ್ನು ಮೊದಲು ಕಂಡದ್ದೂ ರಕ್ತ ಪರೀಕ್ಷೆಯಿಂದಲೇ. ಪರೀಕ್ಷೆಯಿಲ್ಲದೆ ಚುಚ್ಚುಮದ್ದು ಕೊಡಿಸಿದರೆ ಹಣವೂ ಹೋದೀತು, ದನವೂ ಹೋದೀತು.

ಅದಕ್ಕೇ ನನ್ನ ಅಭಿಪ್ರಾಯ: ಸಂಘದಲ್ಲಿ ಲೀಟರ್, ಫ್ಯಾಟ್ ಬರೆಯುವಂತೆ ನೊಣಕ್ಕೂ ಒಂದು ಪುಸ್ತಕ ಬೇಕು. ಯಲಹಂಕದಲ್ಲಿರುವ ಕೇಂದ್ರದ ಪಶುರೋಗ ಸಂಸ್ಥೆ ‘ನಿವೇದಿ’ ಸರ್ರಾ ಸೇರಿ ಹಲವು ರೋಗಗಳ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಜಿಲ್ಲಾವಾರು ಕೊಡುತ್ತದೆ. ಆದರೆ ಜಿಲ್ಲೆಯ ಲೆಕ್ಕದಲ್ಲಿ ತ್ರಾಸಿಯ ಕಡಲ ಬದಿಯೂ ಕೊಲ್ಲೂರಿನ ಘಟ್ಟದ ಬುಡವೂ ಒಂದೇ. ಊರೂರಿನ ಲೆಕ್ಕ ನಮ್ಮಿಂದಲೇ ಆಗಬೇಕು.

ಬರೆಯುವುದು ನಾಲ್ಕೇ: ಊರು, ತಾರೀಕು, ಹೊತ್ತು, ಎಷ್ಟು ನೊಣ. ನೋಡಿಯೂ ಕಾಣದಿದ್ದರೆ ‘ಇಲ್ಲ’ ಎಂದು ಬರೆಯಿರಿ, ಅದೂ ಲೆಕ್ಕವೇ. ನೊಣ ಸಿಕ್ಕರೆ ಜೀವ ಇರುವಾಗಲೇ ಮೊಬೈಲಿನಲ್ಲಿ ಅದರ ಕಣ್ಣಿನ ಫೋಟೊ ತೆಗೆಯಿರಿ. ಜಾತಿ ಗುರುತಿಸಲು ಕಣ್ಣಿನ ಬಣ್ಣದ ಪಟ್ಟೆ ಸಹಾಯ ಮಾಡುತ್ತದೆ. ಒಣಗಿದ ಮೇಲೆ ಆ ಬಣ್ಣ ಮಾಸಿಹೋಗುತ್ತದೆ. ಸತ್ತ ನೊಣವನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲಿಟ್ಟು, ಊರು, ತಾರೀಕಿನ ಚೀಟಿ ಹಾಕಿ ಪಶುವೈದ್ಯರಿಗೆ ಕೊಡಿ.

‘ಹೊಗೆ ಹಾಕಿದರೆ ಸಾಲದೇ, ಬರೆಯುವುದು ಯಾಕೆ?’ ಎನ್ನಬಹುದು. ಹೊಗೆ ಇವತ್ತಿನ ನೊಣವನ್ನು ಓಡಿಸುತ್ತದೆ, ಅಷ್ಟೇ. ಯಾವ ತಿಂಗಳು, ಯಾವ ಹೊತ್ತು ನೊಣ ಜಾಸ್ತಿ ಎಂದು ತಿಳಿದರೆ ಆಗ ದನವನ್ನು ಮೇಯಲು ಬಿಡದೆ ಹಟ್ಟಿಯಲ್ಲೇ ಕಟ್ಟಬಹುದು. ಜ್ವರ ಬಂದ ಕೂಡಲೇ ಸರ್ರಾ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬಹುದು.

ನಾವು ವೈದ್ಯರು ಬರುವುದು ಜ್ವರ ಬಂದ ಮೇಲೆ. ದಿನವೂ ದನದ ಪಕ್ಕದಲ್ಲಿರುವವರು ನೀವು. ಪುಸ್ತಕವನ್ನು ಒಕ್ಕೂಟ ಕೊಡಲಿ ಎಂದು ಸಂಘದ ಮುಂದಿನ ಸಭೆಯಲ್ಲಿ ನೀವೇ ಕೇಳಿ.