ಬಿಒಡಿ ಕಮ್ಮಿ ಇದೆ ಅಂದ್ರೆ ಸಾಕಾ?

ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ನೀರು ಬೇಡ ಎನ್ನುವವರು ನಾವಲ್ಲ. ಬತ್ತಿದ ಬೋರ್‌ವೆಲ್ ಮುಂದೆ ನಿಂತವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ಎದ್ದ ನೊರೆಯನ್ನೂ ಮರೆತಿಲ್ಲ. ನೀರು ಹೇಗಿದೆ ಅಂದರೆ ‘ಬಿಒಡಿ ಮಿತಿಯೊಳಗಿದೆ’ ಎಂಬ ಉತ್ತರ ನಮಗೆ ಸಾಲದು.

ಬಿಒಡಿಗೆ ನೀರನ್ನು ಬಾಟಲಿಯಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಕತ್ತಲಲ್ಲಿ 27 ಡಿಗ್ರಿಯಲ್ಲಿ 3 ದಿನ ಇಡುತ್ತಾರೆ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಎಷ್ಟು ಆಮ್ಲಜನಕ ಬಳಸಿದವು ಎಂದು ಅಳೆಯುತ್ತಾರೆ. ಅಷ್ಟೇ. ಅವು ತಿನ್ನಲಾಗದ್ದು ಲೆಕ್ಕಕ್ಕೇ ಬರುವುದಿಲ್ಲ. ಹಸು ತಿಂದ ಮೇವನ್ನಷ್ಟೇ ಲೆಕ್ಕ ಹಾಕಿ, ಗೋದಲಿಯಲ್ಲಿ ಬಿಟ್ಟದ್ದನ್ನು ನೋಡದೇ ಇದ್ದ ಹಾಗೆ. ಬಟ್ಟೆ ಬಣ್ಣ, ಕೆಲವು ಔಷಧಿ, ಕಾರ್ಖಾನೆಯ ಕೆಲವು ರಾಸಾಯನಿಕ ಎಲ್ಲ ಗೋದಲಿಯಲ್ಲಿ ಉಳಿಯುವ ಜಾತಿ.

ಸಿಒಡಿ ಪರೀಕ್ಷೆ ಬೇರೆ. ಗಂಧಕಾಮ್ಲ, ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ 150 ಡಿಗ್ರಿಯಲ್ಲಿ 2 ಗಂಟೆ ಕಾಯಿಸುತ್ತಾರೆ. ಜೀವಿಗಳು ಬಿಟ್ಟದ್ದೂ ಬಹುಪಾಲು ಇಲ್ಲಿ ಲೆಕ್ಕಕ್ಕೆ ಸಿಗುತ್ತದೆ. (ಬೆಂಜೀನ್‌ನಂಥವು ಇದಕ್ಕೂ ಪೂರ್ತಿ ಸಿಗುವುದಿಲ್ಲ, ಆ ಮಾತು ಬೇರೆ.) ಸಿಒಡಿ ಹೆಚ್ಚಿದ್ದು ಬಿಒಡಿ ತೀರಾ ಕಮ್ಮಿ ಇದ್ದರೆ ಅನುಮಾನ ಪಡಿ. ಅನುಮಾನ ತೀರಬೇಕಾದರೆ ಮಾದರಿಗೆ ವಾರಗಟ್ಟಲೆ ಗಾಳಿ ಊದಿ, ಸಿಒಡಿ ಇನ್ನು ಇಳಿಯದು ಎನ್ನುವವರೆಗೆ ಅಳೆಯಬೇಕು. ಕೊನೆಗೆ ಸೋಸಿದ ನೀರಲ್ಲಿ ಉಳಿದದ್ದು ಹೆಚ್ಚುಕಮ್ಮಿ ಕೊಳೆಯದ ಭಾಗ.

ಇಂಥ ಅಳತೆಯನ್ನೇ ಕೈಬಿಟ್ಟರು ನೋಡಿ. 2015ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೊಳಚೆ ಸಂಸ್ಕರಣಾ ಘಟಕಗಳಿಗೆ ತಂದ ಕರಡಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಸಿಒಡಿ ಮಿತಿ ಇತ್ತು. 2017ರ ಅಂತಿಮ ಅಧಿಸೂಚನೆಯಲ್ಲಿ ಆ ಸಾಲೇ ಇಲ್ಲ! ಬಿಒಡಿ ಮಿತಿಯೂ 10ರಿಂದ ಮಹಾನಗರಗಳಿಗೆ 20ಕ್ಕೆ ಸಡಿಲವಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಿಒಡಿ ಮಿತಿ ಬೇಕೆಂದಿತು. ಹಾಗಾಗಿ ಇದು ನಾವು ಹುಟ್ಟುಹಾಕಿದ ತಕರಾರಲ್ಲ.

ಈ ನೀರು ಕುಡಿಯಲು ಅಲ್ಲ, ಅಂತರ್ಜಲಕ್ಕಷ್ಟೇ ಎನ್ನುತ್ತಾರೆ. ಅಂತರ್ಜಲ ಮೇಲೆ ಬರುವುದು ಯಾವ ದಾರಿಯಲ್ಲಿ ಸ್ವಾಮಿ? ನಮ್ಮ ಬೋರ್‌ವೆಲ್ಲಿನಲ್ಲೇ.

ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಬಿಒಡಿ, ಸಿಒಡಿ ಎರಡೂ ಅಂಕಿ ಪಂಚಾಯಿತಿ ಬೋರ್ಡಿನ ಮೇಲೆ ತಿಂಗಳು ತಿಂಗಳು ಬರಲಿ. ಮಾದರಿ ತೆಗೆದ ಜಾಗ, ದಿನಾಂಕ ಸಮೇತ. ಕೆರೆಯದ್ದಷ್ಟೇ ಅಲ್ಲ, ಕೆರೆ ಪಕ್ಕದ ಬೋರ್‌ವೆಲ್ಲಿನದ್ದೂ.