ರಾಗಿ ಕಣ ಡಾಂಬರು ರಸ್ತೆಗೆ ಬಂದದ್ದೇಕೆ?

ಮಾನ್ಯ ಎನ್. ಚಲುವರಾಯಸ್ವಾಮಿಯವರೇ,

ನೀವು ರಾಜ್ಯದ ಕೃಷಿ ಸಚಿವರು. ನಮಗೆ ಮಾತ್ರ ಮೊದಲು ನಾಗಮಂಗಲದ ಶಾಸಕರು. ಆದ್ದರಿಂದ ಒಕ್ಕಣೆಯ ಪಾಡನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಟಾವು ಮುಗಿಯಿತೆಂದರೆ ತಾಲ್ಲೂಕಿನ ಕಣಗಳೆಲ್ಲ ಡಾಂಬರು ರಸ್ತೆಗೆ ಬರುತ್ತವೆ. ಬೈಕುಗಳು ಜಾರುತ್ತವೆ, ಕಾರಿನ ಅಡಿಗೆ ಹುಲ್ಲು ಸುತ್ತಿಕೊಂಡು ಬೆಂಕಿ ಹೊತ್ತಿಕೊಳ್ಳುತ್ತದೆ, ಪೊಲೀಸರು ಎಚ್ಚರಿಸುತ್ತಾರೆ. ಮರುವರ್ಷ ಮತ್ತೆ ಅದೇ. ಅಪಾಯ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ರೋಣಗಲ್ಲು ಎಳೆಯಲು ಎತ್ತೂ ಇಲ್ಲ, ಆಳೂ ಇಲ್ಲ. ಹೋಗಿಬರುವ ಬಸ್ಸು ಲಾರಿಗಳ ಚಕ್ರದಿಂದಲೇ ರೈತ ಆ ಕೆಲಸ ಮಾಡಿಸಿಕೊಳ್ಳುತ್ತಿದ್ದಾನೆ. ಗತಿಯಿಲ್ಲದವನ ಆವಿಷ್ಕಾರ ಅನ್ನಿ.

ಆವಿಷ್ಕಾರ ಅಂದೆನಲ್ಲ, ಆ ಕುರಿತ ಅಧ್ಯಯನಕ್ಕಾಗಿ 2025ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಜೋಯಲ್ ಮೋಕಿರ್, ಫಿಲಿಪ್ ಅಗಿಯೋನ್, ಪೀಟರ್ ಹೋವಿಟ್ ಅವರಿಗೆ. ಕೊನೆಯ ಇಬ್ಬರು 1992ರಲ್ಲಿ ಬರೆದದ್ದರ ಸಾರ ಇಷ್ಟು: ಹೊಸ ಸರಕು ತಂದವನಿಗೆ ಕೆಲಕಾಲ ಪೈಪೋಟಿಯಿಲ್ಲದ ಲಾಭ, ಆ ಲಾಭದ ಆಸೆಗೆ ಇನ್ನೊಬ್ಬ ಇನ್ನೂ ಒಳ್ಳೆಯದನ್ನು ತಂದು ಮೊದಲಿನವನನ್ನು ಮೂಲೆಗೆ ತಳ್ಳುತ್ತಾನೆ, ಆರ್ಥಿಕತೆ ಹೀಗೆಯೇ ಬೆಳೆಯುತ್ತದೆ. ಒಪ್ಪೋಣ. ರಾಗಿಯಲ್ಲಿ ಆ ಲಾಭ ಎಲ್ಲಿದೆ, ಸ್ವಾಮಿ?

ರಾಗಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಬೆಳೆ. ಒಮ್ಮೆ ಬೀಜ ಕೊಂಡವನು ಮುಂದಿನ ವರ್ಷಕ್ಕೆ ತಾನೇ ಎತ್ತಿಟ್ಟುಕೊಳ್ಳುತ್ತಾನೆ. ಯಾವ ಕಂಪನಿ ಈ ಕಡೆ ತಲೆ ಹಾಕೀತು? ಹೂವು ತೀರಾ ಸಣ್ಣದಾದ್ದರಿಂದ ತಳಿಸಂಕರಣವೂ ತಾಳ್ಮೆ ಕೆಡಿಸುವ ಕೆಲಸ. ಆ ಕೆಲಸಕ್ಕೆ ಕೂತವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಅವರವು. ಆಮೇಲೆ ನಮ್ಮ ತಳಿಗಳನ್ನು ಆಫ್ರಿಕಾದವುಗಳ ಜೊತೆ ಕೂಡಿಸಿ ಇಂಡಾಫ್ ಸಾಲನ್ನೇ ಕೊಟ್ಟರು. ಸಂಬಳ ಸರ್ಕಾರದ್ದು, ಫಸಲು ಹೊಲದವನದು. ಜನ ಅವರನ್ನು ರಾಗಿ ಬ್ರಹ್ಮ ಎಂದರು.

ಬೀಜದ ಮಟ್ಟಿಗೆ ಸರ್ಕಾರ ಅಂದು ಮಾಡಿದ್ದನ್ನು ಇಂದು ಯಂತ್ರದ ಮಟ್ಟಿಗೆ ಮಾಡಬೇಕಿದೆ. ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಇದೆ, ನಿಮ್ಮ ಹಾರ್ವೆಸ್ಟರ್ ಹಬ್ ಇದೆ. ಆ ದೊಡ್ಡ ಯಂತ್ರಗಳು ಪಾಂಡವಪುರ, ಶ್ರೀರಂಗಪಟ್ಟಣದ ನಾಲಾ ಬಯಲಿಗೆ ಒಗ್ಗುತ್ತವೆ. ನಮ್ಮದು ತುಂಡು ಹೊಲ, ಇಳಿಜಾರು, ಅಡಿಗಡಿಗೆ ಬದು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಯಂತ್ರ ಇಳಿಸಬೇಕೆಂದರೆ ಅಕ್ಕಡಿ ಬಿಡಬೇಕು. ಇನ್ನು ಹುಲ್ಲು: ಅರ್ಧ ಹೊಲದಲ್ಲೇ ನಿಲ್ಲುತ್ತದೆ, ಉಳಿದದ್ದು ಪುಡಿಯಾಗುತ್ತದೆ. ಡೇರಿಗೆ ಹಾಕುವ ಹಾಲು ಆ ಹುಲ್ಲಿನಿಂದಲೇ ಬರಬೇಕು. ಎಷ್ಟೋ ಮನೆಗಳಲ್ಲಿ ಕಾಳಿಗಿಂತ ಹುಲ್ಲಿಗೇ ಹೆಚ್ಚು ಚಿಂತೆ. ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 2023-24ರ 3,846 ರೂಪಾಯಿಯಿಂದ 2025-26ಕ್ಕೆ 4,886 ಆಯಿತು, ಸಂತೋಷ. ಆದರೆ ಬೆಲೆ ಏರಿದ ಮಾತ್ರಕ್ಕೆ ಕೊಯ್ಯುವ ಕೈ ಹುಟ್ಟುವುದಿಲ್ಲ.

ನಮ್ಮ ಹೊಲಕ್ಕೆ ಒಗ್ಗುವ ಯಂತ್ರ ಮಾಡಿಸಲು ದಾರಿಯಿದೆ. ಬಡ ದೇಶಗಳ ಮಕ್ಕಳಿಗೆ ನ್ಯುಮೋಕಾಕಲ್ ಲಸಿಕೆ ಮುಟ್ಟಿಸಲು ದಾನಿಗಳು ಒಂದು ಉಪಾಯ ಹೂಡಿದರು: ಹೇಳಿದ ಗುಣಮಟ್ಟದ ಲಸಿಕೆ ಕೊಟ್ಟರೆ ಕೊಳ್ಳುವ ಹೊಣೆ ನಮ್ಮದೆಂದು 150 ಕೋಟಿ ಡಾಲರ್ ಮೀಸಲಿಟ್ಟರು. ಕೊಳ್ಳುವವರು ಖಾತ್ರಿಯಾದ ಮೇಲೆ ತಯಾರಕರು ಮುಂದೆ ಬಂದರು. ಅದನ್ನೇ ಇಲ್ಲಿ ಮಾಡಿ. ಅಕ್ಕಡಿ ಸಾಲು ಉಳಿಸಿ, ಹುಲ್ಲು ಬುಡದಿಂದ ಕೊಯ್ದು, ಟಿಲ್ಲರಿಗೆ ಕಟ್ಟಬಹುದಾದ ಯಂತ್ರ ಯಾರು ಮಾಡಿದರೂ ಮೊದಲ ಇನ್ನೂರನ್ನು ಯಂತ್ರಧಾರೆಗೆ ಸರ್ಕಾರ ಕೊಳ್ಳುತ್ತದೆಂದು ಲಿಖಿತವಾಗಿ ಘೋಷಿಸಿ. ದೊಡ್ಡ ಕಂಪನಿಯೇ ಆಗಬೇಕಿಲ್ಲ, ಬೆಳ್ಳೂರು ಕ್ರಾಸಿನ ವೆಲ್ಡಿಂಗ್ ಶಾಪಿನವರೂ ಕೈ ಹಾಕಲಿ. ದುಡ್ಡೆಲ್ಲಿದೆ ಅನ್ನಬೇಡಿ. 1933ರ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಉಳಿಸಲು ಸರ್ಕಾರಗಳು ಸುರಿದದ್ದರಲ್ಲಿ ಒಂದು ಸಣ್ಣ ಪಾಲು ಸಾಕು.

ಪರೀಕ್ಷೆ ವಿ.ಸಿ. ಫಾರಂನ ಮಟ್ಟಸವಾದ ತಾಕಿನಲ್ಲಿ ಬೇಡ. ನಮ್ಮ ಹೊಲಕ್ಕೇ ತನ್ನಿ. ಅದಕ್ಕಾಗಿ ನಾವು ಬದು ಒಡೆಯುವುದಿಲ್ಲ, ಅವರೆ ಗಿಡವನ್ನೂ ಕೀಳುವುದಿಲ್ಲ.

ಇತಿ,
ನಾಗಮಂಗಲ ತಾಲ್ಲೂಕಿನ ಒಬ್ಬ ರಾಗಿ ಬೆಳೆಗಾರ