ಮುಚ್ಚಲಾಗದ ಅಂಗಡಿಯ ಲೆಕ್ಕ

2026ರ ಜನವರಿ 12ರಂದು ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ‘ಆಂಥಮ್’ ಎಂಬ ವಿಡಿಯೋ ಗೇಮಿನ ಸರ್ವರುಗಳನ್ನು ಸ್ಥಗಿತಗೊಳಿಸಿತು. ಆಟ ಮಾರುಕಟ್ಟೆಗೆ ಬಂದದ್ದು 2019ರ ಫೆಬ್ರವರಿಯಲ್ಲಿ. ಸಂಸ್ಥೆಯ ಸರ್ವರಿನೊಡನೆ ಅಂತರಜಾಲ ಸಂಪರ್ಕವಿಲ್ಲದೆ ಅದು ನಡೆಯುತ್ತಿರಲಿಲ್ಲವಾದ್ದರಿಂದ, ಪೂರ್ಣ ಬೆಲೆ ತೆತ್ತು ಕೊಂಡ ಗಿರಾಕಿಯ ಬಳಿ ಈಗ ಉಳಿದಿರುವುದು ಬರಿಯ ಡಿಸ್ಕು. ಏಳು ವರ್ಷ ತುಂಬುವ ಮುನ್ನವೇ ಮಾರಿದವನೇ ಮಾರಿದ ಸರಕನ್ನು ನಿರುಪಯುಕ್ತಗೊಳಿಸುವ ಈ ವ್ಯವಹಾರ ಪದ್ಧತಿ ನಮ್ಮ ವರ್ತಕ ಬಾಂಧವರ ಪರಿಶೀಲನೆಗೆ ಅರ್ಹವಾದುದು.

ಈ ವರ್ಗದ ಆಟಗಳಿಗೆ ಉದ್ಯಮದಲ್ಲಿ ‘ಲೂಟ್ ಶೂಟರ್’ ಎಂದು ಹೆಸರು. (ಇಂಗ್ಲಿಷಿನ ‘ಲೂಟ್’ ನಮ್ಮ ದೇಶದಿಂದಲೇ ರಫ್ತಾದ ಪದ, ನಮ್ಮ ‘ಲೂಟಿ’ಯ ಒಡಹುಟ್ಟು.) ಬೇರೆ ಬೇರೆ ಊರುಗಳಲ್ಲಿ ಕುಳಿತ ಮೂರು ನಾಲ್ಕು ಮಂದಿ ಒಂದು ತಂಡವಾಗಿ ಶತ್ರುಗಳೊಡನೆ ಗುಂಡಿನ ಕಾಳಗ ನಡೆಸುತ್ತಾರೆ. ಬಿದ್ದ ಶತ್ರುವಿನಿಂದ ಬಂದೂಕು, ಕವಚ ದೊರೆಯುತ್ತವೆ. ಅವುಗಳ ಬಲದಿಂದ ಮತ್ತೂ ದೊಡ್ಡ ಶತ್ರುವನ್ನು ಕೆಡವಿ ಮತ್ತೂ ಒಳ್ಳೆಯ ಬಂದೂಕು ಗಳಿಸುವುದು. 2009ರ ‘ಬಾರ್ಡರ್‌ಲ್ಯಾಂಡ್ಸ್’ ಈ ಬಗೆಯನ್ನು ಜನಪ್ರಿಯಗೊಳಿಸಿತು. ಅದು ಒಮ್ಮೆ ಕೊಂಡರೆ ಒಬ್ಬನೇ ಕುಳಿತೂ ಆಡಬಹುದಾದ ಸಿದ್ಧವಸ್ತು. 2014ರಲ್ಲಿ ಬಂಜೀ ಸಂಸ್ಥೆಯ ‘ಡೆಸ್ಟಿನಿ’ ಬಂದಾಗ ಸಿದ್ಧವಸ್ತುವಿನ ಸ್ಥಾನವನ್ನು ಸದಾ ತೆರೆದಿರುವ ಅಂಗಡಿ ಆಕ್ರಮಿಸಿತು. ಮೊದಲ ದಿನವೇ ಚಿಲ್ಲರೆ ಮಾರಾಟಗಾರರಿಗೆ 50 ಕೋಟಿ ಡಾಲರ್ ಮೌಲ್ಯದ ಸರಕು ಹೋಯಿತು ಎಂಬ ಸುದ್ದಿ ಕೇಳಿ ಉಳಿದವರೂ ಅದೇ ಬೀದಿಯಲ್ಲಿ ಅಂಗಡಿ ಹಾಕಲು ಹೊರಟರು.

ಎಡವಿದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ತಯಾರಕರು ವರ್ಷಗಟ್ಟಲೆ ದುಡಿದು ತುಂಬಿದ ದಾಸ್ತಾನನ್ನು ಹುರುಪಿನ ಆಟಗಾರನು ಕೆಲವೇ ವಾರಗಳಲ್ಲಿ ಮುಗಿಸಿ ‘ಮುಂದೇನು?’ ಎಂದು ಕೇಳುತ್ತಾನೆ. ಸರಕು ಒಮ್ಮೆ ಮಾರಾಟವಾದರೂ ಸಂಬಳ, ಸರ್ವರು, ಹೊಸ ಸಾಮಗ್ರಿಯ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಇನ್ನೊಂದು ತೊಡಕೂ ಉಂಟು. ಗಿರಾಕಿಯ ಹಣ ಹೆಚ್ಚಬಹುದು, ಬಿಡುವಿನ ಗಂಟೆಗಳು ಹೆಚ್ಚಲಾರವು. ಪ್ರತಿ ಸಂಜೆಯನ್ನೂ ಬೇಡುವ ಆಟವನ್ನು ಒಬ್ಬನು ಒಂದೇ ಕಾಲಕ್ಕೆ ಎರಡು ಆಡಲಾರ.

ಪರಿಣಾಮ ಲೆಕ್ಕಪತ್ರಗಳಲ್ಲಿ ಕಾಣುತ್ತಿದೆ. ವಾರ್ನರ್ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ‘ಸೂಯಿಸೈಡ್ ಸ್ಕ್ವಾಡ್’ ಆಟದ ಬಾಬ್ತು 20 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಸೋನಿ ಸಂಸ್ಥೆಯು 2022ರಲ್ಲಿ 360 ಕೋಟಿ ಡಾಲರಿಗೆ ಬಂಜೀಯನ್ನು ಕೊಂಡಿತು; 2024ರ ಜುಲೈನಲ್ಲಿ ಬಂಜೀ 220 ಮಂದಿಯನ್ನು ಕೆಲಸದಿಂದ ತೆಗೆಯಿತು; 2025ರ ನವೆಂಬರಿನಲ್ಲಿ ಸೋನಿ ಈ ಖರೀದಿಯ ಬಾಬ್ತು ಸುಮಾರು 3,150 ಕೋಟಿ ಯೆನ್ ಮೌಲ್ಯಕುಸಿತವನ್ನು ಒಪ್ಪಿಕೊಂಡಿತು. ನಡುವೆ 2020ರ ನವೆಂಬರಿನಲ್ಲಿ, ಆಟ ವಿಪರೀತ ದೊಡ್ಡದಾಯಿತೆಂಬ ಕಾರಣ ನೀಡಿ, ‘ಡೆಸ್ಟಿನಿ 2’ರ ಮೂಲ ಕಥಾಭಾಗವನ್ನೂ ಮೊದಲ ಎರಡು ವಿಸ್ತರಣೆಗಳ ಕಥೆಯನ್ನೂ ತೆಗೆದುಹಾಕಲಾಯಿತು. ಜನ ಅವನ್ನು ಹಣ ಕೊಟ್ಟೇ ಕೊಂಡಿದ್ದರು.

ಆದರೆ ಈ ಬೀದಿಯ ಅಂಗಡಿಗಳೆಲ್ಲ ನಷ್ಟದಲ್ಲಿವೆಯೆಂದು ತಿಳಿಯಬೇಕಿಲ್ಲ. ಕೆನಡಾದ ಡಿಜಿಟಲ್ ಎಕ್ಸ್‌ಟ್ರೀಮ್ಸ್ 2013ರಲ್ಲಿ ತೆರೆದ ‘ವಾರ್‌ಫ್ರೇಮ್’ ಇಂದಿಗೂ ನಡೆದಿದೆ. ಪ್ರವೇಶ ಉಚಿತ. ಸಂಸ್ಥೆಯು ಮುಖ್ಯವಾಗಿ ಮಾರುವುದು ‘ಪ್ಲಾಟಿನಮ್’ ಎಂಬ ಆಟದೊಳಗಿನ ನಾಣ್ಯವನ್ನು. ಬಿಡುವಿಲ್ಲದವನು ಅದನ್ನು ಹಣ ಕೊಟ್ಟು ಕೊಳ್ಳುತ್ತಾನೆ. ಬಿಡುವಿದ್ದು ಹಣವಿಲ್ಲದವನು ಹಲವು ಗಂಟೆ ಕಾದಾಡಿ ಗಳಿಸಿದ ಅಪರೂಪದ ಬಿಡಿಭಾಗವನ್ನು ಮೊದಲಿನವನಿಗೆ ಮಾರಿ ಆ ಪ್ಲಾಟಿನಮ್ ಪಡೆಯುತ್ತಾನೆ. ಈ ವಹಿವಾಟಿನ ದರವನ್ನು ಸಂಸ್ಥೆ ಗೊತ್ತುಮಾಡುವುದಿಲ್ಲ, ಆಟಗಾರರೇ ಕುದುರಿಸಿಕೊಳ್ಳುತ್ತಾರೆ. ಮಂಗಳ ಗ್ರಹದಲ್ಲಿ ಇದಕ್ಕೆಂದೇ ಒಂದು ಬಜಾರಿದೆ, ವಹಿವಾಟಿನ ಮೇಲೆ ತೆರಿಗೆಯೂ ಇದೆ. ಮಂಗಳಕ್ಕೆ ಹೋದರೂ ತೆರಿಗೆ ತಪ್ಪಿದ್ದಲ್ಲ! ಹಣ ಕೊಡದ ಗಿರಾಕಿಯೇ ಇಲ್ಲಿ ಹಣ ಕೊಡುವ ಗಿರಾಕಿಗೆ ಸರಬರಾಜುದಾರ. ಇಬ್ಬರೂ ಅಂಗಡಿಗೆ ಬೇಕು, ಆದ್ದರಿಂದ ಇಬ್ಬರನ್ನೂ ಉಳಿಸಿಕೊಳ್ಳುವ ಕಾಳಜಿ ಸಂಸ್ಥೆಗಿದೆ.

ಮತ್ತೊಂದು ದಾರಿಯನ್ನು ಸ್ವೀಡನ್ನಿನ ಎಂಬಾರ್ಕ್ ಸಂಸ್ಥೆ ತೋರಿಸಿದೆ. 2025ರ ಅಕ್ಟೋಬರಿನಲ್ಲಿ ಬಂದ ಅದರ ‘ಆರ್ಕ್ ರೈಡರ್ಸ್’ ಆಟದಲ್ಲಿ ಸತ್ತವನು ಹೊತ್ತಿದ್ದ ಲೂಟಿಯನ್ನು ಕಳೆದುಕೊಳ್ಳುತ್ತಾನೆ. ಕಪಾಟು ತುಂಬಿ ಬೇಸರವಾಗುವ ಹಳೆಯ ರೋಗಕ್ಕೆ ಇದು ಮದ್ದು. ಸರಕು ತಾನಾಗಿಯೇ ಖರ್ಚಾಗುವಾಗ ಬೇಡಿಕೆಯೂ ತಾನಾಗಿ ಹುಟ್ಟುತ್ತದೆ. ಉಚಿತವಾಗಿ ಕೊಡಬೇಕೆಂದಿದ್ದ ಈ ಆಟವನ್ನು ಸಂಸ್ಥೆ ಕಡೆಗೆ 40 ಡಾಲರ್ ಬೆಲೆ ಇಟ್ಟು ಮಾರಿತು, ಜನ ಮುಗಿಬಿದ್ದು ಕೊಂಡರು.

ಇವೆಲ್ಲವನ್ನೂ ತೂಗಿ ನೋಡಿದರೆ, ಸದಾ ತೆರೆದಿರುವ ಬೃಹತ್ ಅಂಗಡಿಗಳು ಮೂರೋ ನಾಲ್ಕೋ ಉಳಿದಾವು. ಉಳಿದವರು ಮಿತವಾದ ಬೆಲೆಗೆ ಸಿದ್ಧವಸ್ತು ಮಾರುವ ಹಳೆಯ ಪದ್ಧತಿಗೆ ಮರಳುವರೆಂದು ನನ್ನ ಅಂದಾಜು. ಕಾನೂನೂ ಅತ್ತಲೇ ನೂಕುತ್ತಿದೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ, ಕೊಡುತ್ತಿರುವುದು ಬಳಕೆಯ ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ಇಂಥ ಡಿಜಿಟಲ್ ಸರಕಿನ ಮೇಲೆ ‘ಕೊಳ್ಳಿ’ ಎಂದು ಬರೆಯುವಂತಿಲ್ಲ. ಯೂಬಿಸಾಫ್ಟ್ 2024ರಲ್ಲಿ ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟವನ್ನು ನಿಲ್ಲಿಸಿದ ಮೇಲೆ, ಮಾರಿದ ಆಟವನ್ನು ಆಡಲಾಗದಂತೆ ಮಾಡಬಾರದೆಂಬ ಯುರೋಪಿನ ನಾಗರಿಕ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಇದು ಕಷ್ಟದ ಬೇಡಿಕೆಯೇನಲ್ಲ. ನಷ್ಟ ಅನುಭವಿಸಿದ ವಾರ್ನರ್ ಕೂಡ ಹೊಸ ಸರಕು ನಿಲ್ಲಿಸುವ ಮುನ್ನ, 2024ರ ಡಿಸೆಂಬರಿನಲ್ಲಿ, ಅಂತರಜಾಲವಿಲ್ಲದೆ ಆಡುವ ಏರ್ಪಾಡು ಮಾಡಿಕೊಟ್ಟಿತು.

ನಮ್ಮ ರಾಜ್ಯಕ್ಕೂ ಇದರ ಬಿಸಿ ತಟ್ಟದೆ ಇರದು. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಗುವ ಮೊದಲು, ವಿದೇಶಿ ಆಟಗಳಿಗೆ ಚಿತ್ರಣ ಒದಗಿಸುವ ಹೊರಗುತ್ತಿಗೆ ಕೆಲಸಕ್ಕೆ ಇಲ್ಲಿ ದಾರಿ ಹಾಕಿತು. ಸದಾ ನಡೆಯುವ ಆಟವೊಂದಕ್ಕೆ ಪ್ರತಿ ಋತುವಿಗೂ ಬಂದೂಕು, ಉಡುಪುಗಳ ಚಿತ್ರಣ ಪೂರೈಸುವ ಗುತ್ತಿಗೆ ಸಣ್ಣ ಘಟಕಕ್ಕೆ ಕಾಯಂ ವರಮಾನದಂತೆ ಕಾಣುತ್ತದೆ. ಅದನ್ನು ನಂಬಿ ಯಂತ್ರ ಕೊಂಡು, ಜನರನ್ನು ನೇಮಿಸಿಕೊಳ್ಳುವ ಮುನ್ನ, ಆಟ ಅರ್ಧದಲ್ಲಿ ನಿಂತರೆ ಮುಗಿಸಿದ ಕೆಲಸದ ಪಾವತಿಯೂ ರದ್ದತಿ ಪರಿಹಾರವೂ ಎಷ್ಟು ದಿನದೊಳಗೆ ಬರಬೇಕೆಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳತಕ್ಕದ್ದು.